ಹಸೆಮಣೆಯ ಮೇಲೆ ಲ್ಯಾಪ್‌ಟಾಪು

ನಾಚಿಕೆಯಾಗುವುದಕ್ಕೂ ಒಂದು ವಯಸ್ಸಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಚಿಕ್ಕಂದಿನ ನಾಚಿಕೆ ಸಂಜೆಯ ತಿಂಡಿಯ ಹೊತ್ತಿಗೆ ಮರೆತುಹೋಗುತ್ತದೆ. ನಡುವಯಸ್ಸಿನದಕ್ಕೆ ಗಂಡನನ್ನೋ ಸಂಸಾರವನ್ನೋ ಹೊಣೆ ಮಾಡಿ ಕೈತೊಳೆದುಕೊಳ್ಳಬಹುದು. ಅರವತ್ತು ದಾಟಿದ ಮೇಲಂತೂ ನಾಚಿಕೆಪಡುವಂಥದ್ದೇನಾದರೂ ಮಾಡಲು ಮೈಯಲ್ಲಿ ಕಸುವೇ ಇರುವುದಿಲ್ಲ, ಇನ್ನು ನಾನು ಸೇಫ್ ಎಂದುಕೊಂಡಿದ್ದೆ. ಆದರೆ ಅರವತ್ತೆಂಟನೆಯ ವಯಸ್ಸಿನಲ್ಲಿ, ಕೂತಲ್ಲೇ ಕೂತು, ಎರಡು ಬೆರಳಿನಲ್ಲಿ ಟೈಪು ಮಾಡುತ್ತ, ಯಾರಿಗೂ ಒಂದು ಕೆಟ್ಟ ಮಾತೂ ಆಡದೆ, ಇಡೀ ಜನ್ಮದಲ್ಲಿ ಮಾಡದಿದ್ದಂಥ ಕೆಲಸ ಮಾಡಿಬಿಟ್ಟೆ. ದಿಂಡಿಗಲ್ಲಿನ ಕಾನ್ವೆಂಟಿನಲ್ಲಿ ಓದುವಾಗ ಪಾದ್ರಿಗಳ ಮುಂದೆ ತಪ್ಪು ಹೇಳಿಕೊಳ್ಳುವ ಕನ್ಫೆಷನ್ ಎಂಬುದನ್ನು ದೂರದಿಂದ ನೋಡಿದ್ದೆ. ಹಿಂದೂ ಹುಡುಗಿಯರಾದ ನಮಗೆ ಆ ಮರದ ಪೆಟ್ಟಿಗೆಯೊಳಗೆ ಪ್ರವೇಶವಿರಲಿಲ್ಲ. ಅಳುಮುಖ ಹಾಕಿಕೊಂಡು ಒಳಹೋದ ಸಹಪಾಠಿಗಳು ಐದೇ ನಿಮಿಷಕ್ಕೆ ಹಗುರಾಗಿ ಹೊರಬರುವುದನ್ನು ಕಂಡು ನಮಗೆ ಹೊಟ್ಟೆಕಿಚ್ಚು. ಈಗ ನನ್ನ ಪಾಲಿಗೂ ಒಂದು ಪೆಟ್ಟಿಗೆ ಸಿಕ್ಕಿದೆ, ಆಚೆ ಬದಿಯಲ್ಲಿ ನೀವು ಕೂತಿದ್ದೀರಿ. ದಯವಿಟ್ಟು ನಡುವೆ ಎದ್ದುಹೋಗಬೇಡಿ.

ನಮ್ಮದು ಹನುಮಂತನಪಟ್ಟಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಹಿರಿಯರು ಯಾವ ಕಾಲದಲ್ಲಿ ಹೊತ್ತು ತಂದ ಕನ್ನಡವೋ, ಅದಕ್ಕೆ ಅಕ್ಷರವಿಲ್ಲ, ಬರೀ ಬಾಯಿ. ನನಗೆ ಈ ಅಕ್ಷರಗಳನ್ನು ಕಲಿಸಿದ್ದು ಮಂಗಳೂರಿನಿಂದ ನಮ್ಮ ಕಾನ್ವೆಂಟಿಗೆ ಬಂದಿದ್ದ ಒಬ್ಬ ಸಿಸ್ಟರ್. ಊರ ನೆನಪಾದಾಗ ಮಾತಾಡಲು ಅವರಿಗೊಂದು ಜೀವ ಬೇಕಿತ್ತು, ನಾನು ಸಿಕ್ಕಿದೆ. ಮುಂದೆ ಅದೇ ದಿಂಡಿಗಲ್ಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಟೀಚರಾದೆ. ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುವ ಗಂಡನಿಗೆ ನಾನು ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವ ಹೆಂಡತಿ. ಮಿಕ್ಕ ಐದು ದಿನ ಅವರಿಗೆ ಅನ್ನ ಹಾಕಿದವಳು ನನ್ನ ಓರಗಿತ್ತಿ ರಂಗಕ್ಕ, ಭಾವನವರ ಹೆಂಡತಿ. ಇವತ್ತಿಗೂ ಇಬ್ಬರದೂ ಒಂದೇ ಮನೆ, ಒಂದೇ ಅಡುಗೆ, ಅದೂ ಅವಳದೇ. ರಿಟೈರಾಗಿ ಬಂದ ಮೇಲೆ ಒಮ್ಮೆ ನಾನು ಅಡುಗೆಮನೆಗೆ ನುಗ್ಗಿ ಪುಡ್ಡಿಂಗ್ ಮಾಡಿದೆ. ರಂಗಕ್ಕ ಒಂದು ಚಮಚ ಬಾಯಿಗಿಟ್ಟು, "ಚೆನ್ನಾಗೈತೆ ಟೀಚರೆ. ಮೈ ಹುಷಾರಿಲ್ದಾಗ ತಿನ್ನಾದು ಅಲ್ವಾ?" ಎಂದಳು. ಅಂದಿನಿಂದ ನನಗೆ ಅಡುಗೆಯ ಕೆಲಸ ತಪ್ಪಿತು.

ಹೀಗೆ ಬಿಡುವಾಗಿದ್ದ ನನಗೆ ಮಧುರೆಯಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಮುರುಗೇಶ ತನ್ನ ಹಳೆಯ ಲ್ಯಾಪ್‌ಟಾಪನ್ನು ತಂದುಕೊಟ್ಟ. ನಮ್ಮ ಶಾಲೆಯ ಜ್ಯೂಬಿಲಿಗೆ ಹಳೆಯ ವಿದ್ಯಾರ್ಥಿನಿಯರ ನೆನಪುಗಳನ್ನು ಟೈಪು ಮಾಡಿ ಒಂದು ಸುವನೀರ್ ತರುವ ಹೊಣೆ ನನ್ನ ಮೇಲಿತ್ತು. ಬೂದು ಬಣ್ಣದ, ಅರೆಯುವ ಅಮ್ಮಿಕಲ್ಲಿನಷ್ಟು ಭಾರದ ಯಂತ್ರ. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ಗೋಡೆಗೆ ಕಟ್ಟಿಹಾಕಿದರೆ ಮಾತ್ರ ಜೀವ. ಆದರೂ ಮೊದಲ ದಿನ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ನನಗೆ ಬಂದ ಜಂಬ ಚೊಚ್ಚಲ ಮೊಮ್ಮಗುವನ್ನು ಎತ್ತಿಕೊಂಡಾಗಲೂ ಬಂದಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಮಡಿಲು ಬೆಚ್ಚಗಾಯಿತು. ನಲವತ್ತಕ್ಕೆ ಬಿಸಿಯಾಯಿತು. ಒಂದು ಗಂಟೆಗೆ ಪರದೆಯ ಮೇಲಿನ ಅಕ್ಷರಗಳು ನಿಂತಲ್ಲೇ ನಿಂತವು, ನಾನು ಮಾತ್ರ ಎದ್ದು ನಿಂತೆ. ಕೆಳಗೆ ಸಾಲಾಗಿ ಸೀಳುಗಳಿದ್ದವು, ಅವುಗಳಿಂದ ಬಿಸಿಯುಸಿರು ಬರುತ್ತಿತ್ತು. ಫೋನಿನಲ್ಲಿ ಮುರುಗೇಶ, "ಅತ್ತೆ, ಅದಕ್ಕೆ ಕೆಳಗಡೆ ಗಾಳಿ ಬೇಕು. ಕೂಲಿಂಗ್ ಪ್ಯಾಡ್ ಅಂತ ಬರುತ್ತೆ, ದಿಂಡಿಗಲ್ಲಲ್ಲಿ ಕೇಳಿ ನೋಡಿ. ಬಟ್ಟೆ ಗಿಟ್ಟೆ ಮೇಲೆ ಮಾತ್ರ ಇಡಬೇಡಿ," ಎಂದ. ಈ ಕೊನೆಯ ಮಾತನ್ನು ನಾನು ಚೆನ್ನಾಗಿಯೇ ಕೇಳಿಸಿಕೊಂಡೆ. ಕಿವಿಯದೇನೂ ತಪ್ಪಿಲ್ಲ.

ದಿಂಡಿಗಲ್ಲಿನ ಕಂಪ್ಯೂಟರ್ ಅಂಗಡಿಯವರು ಎರಡು ಬಗೆ ತೋರಿಸಿದರು, ನಿಜ ಹೇಳಬೇಕೆಂದರೆ ಒಂದೂವರೆ. ಮೊದಲನೆಯದು ಕಪ್ಪಗೆ, ಇಟ್ಟಿಗೆಯಷ್ಟು ದಪ್ಪಗೆ, ಹೊಟ್ಟೆಯೊಳಗೆ ಎರಡು ಫ್ಯಾನು. ಪ್ಲಗ್ಗು ಹಾಕಿದ ಕೂಡಲೇ ಭತ್ತದ ಮಿಲ್ಲಿನ ಹಾಗೆ ಗೊರ್ರೆಂದಿತು. ಎರಡನೆಯದು ಕ್ಯಾಟಲಾಗಿನಲ್ಲಿ ಬರೀ ಚಿತ್ರ. ಬೆಳ್ಳಗೆ, ತೆಳ್ಳಗೆ, ಮದುವೆ ಕಾರ್ಡಿನಂತೆ ಇತ್ತು. ಮದ್ರಾಸಿನಿಂದ ಬರಲು ಒಂದು ತಿಂಗಳು.

"ಇದನ್ನೇ ತಗೊಳ್ಳಿ ಟೀಚರಮ್ಮಾ," ಎಂದರು ಅಂಗಡಿಯವರು ದಪ್ಪದನ್ನು ತಟ್ಟುತ್ತ. "ಸದ್ದು ಮಾಡ್ತದೆ, ಆದ್ರೆ ಕೆಲಸಾನೂ ಮಾಡ್ತದೆ. ಸದ್ದಿಲ್ದೇ ಇರೋರು ಕೆಲಸ ಮಾಡಿದ್ದು ನಾನಂತೂ ನೋಡಿಲ್ಲ, ಮನೇಲೂ ಇಲ್ಲ, ಅಂಗಡೀಲೂ ಇಲ್ಲ."

"ನನಗೆ ಸ್ಲಿಮ್ ಆಗಿರೋದು ಬೇಕು," ಎಂದೆ.

"ಕೆಳಗಿರೋ ವಸ್ತು, ಯಾರು ನೋಡ್ತಾರಮ್ಮಾ?"

ಯಾರು ನೋಡುತ್ತಾರೆ ಎಂದು ನಾನು ಅವರಿಗೆ ಹೇಗೆ ವಿವರಿಸಲಿ? ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್‌ಗೆ ಜಗತ್ತಿನಲ್ಲಿ ಸ್ಲಿಮ್ ಆದದ್ದೆಲ್ಲ ಸುಸಂಸ್ಕೃತ. ಪುಸ್ತಕ ಸ್ಲಿಮ್ ಇರಬೇಕು, ಕೇಕಿನ ಹೋಳು ಸ್ಲಿಮ್ ಇರಬೇಕು, ಹುಡುಗಿಯರು ಸ್ಲಿಮ್ ಇರಬೇಕು, ಇಲ್ಲದಿದ್ದರೆ ಕಡೆಯ ಪಕ್ಷ ನಿಟ್ಟುಸಿರಾದರೂ ತೆಳ್ಳಗೆ ಬಿಡಬೇಕು. ಆಕೆ ತೀರಿಹೋಗಿ ಇಪ್ಪತ್ತು ವರ್ಷವಾದರೂ ನನ್ನ ಬೆನ್ನ ಹಿಂದೆ ನಿಂತೇ ಇದ್ದಾರೆ. ಚಿತ್ರಕ್ಕೆ ಆರ್ಡರು ಕೊಟ್ಟು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಆ ಒಂದು ತಿಂಗಳು ಕಳೆಯುವುದು ಹೇಗೆ? ದ್ರಾಕ್ಷಿ ತುಂಬುವ ಕ್ರೇಟನ್ನು ಬೋರಲು ಹಾಕಿ ಇಟ್ಟೆ, ಪರದೆ ನನ್ನ ಮೂಗಿನೆತ್ತರಕ್ಕೆ ಬಂತು. ಮೊರದ ಮೇಲಿಟ್ಟರೆ ನಡು ಕುಸಿದು ಜೋಲಿಯಾಯಿತು. ನಮ್ಮ ಯಜಮಾನರು ತೋಟದಿಂದ ಬಾಳೆಯ ಪಟ್ಟೆ ತಂದು, "ಬಾಳೆಗಿಂತ ತಂಪು ಯಾವ್ದೈತೆ ಪ್ರಪಂಚದಾಗೆ?" ಎಂದು ಹಾಸಿದರು. ತಂಪೇನೋ ಸರಿ, ಆದರೆ ಅದರ ನೀರು ಕರೆಂಟಿನ ವೈರಿನತ್ತ ಹೊರಟದ್ದನ್ನು ಕಂಡು ಇಬ್ಬರೂ ಒಟ್ಟಿಗೆ ಕಿರುಚಿದೆವು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಹೊತ್ತಿಗೆ ಒಂದೇ ಮಾತು ಆಡಿದ್ದು ಅದೇ ಮೊದಲು.

ಆಗ ನನ್ನ ಕಣ್ಣಿಗೆ ಮಣೆ ಬಿತ್ತು. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ವಂಶಕ್ಕೆಲ್ಲ ಸೇರಿ ಒಂದೇ ಹಸೆಮಣೆ. ಹಲಸಿನ ಮರದ್ದು, ತೆಳ್ಳಗೆ, ಬೆರಳಗಲದ ಎರಡು ಪಟ್ಟಿಗಳ ಮೇಲೆ ನಿಂತದ್ದು. ಕೊನೆಯ ಮದುವೆ ಯಾವ ಮನೆಯಲ್ಲಾಯಿತೋ ಅಲ್ಲಿ ಹಳದಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತದೆ, ಮುಂದಿನ ಮದುವೆಗೆ ಹೊರಡುತ್ತದೆ. ವಧೂವರರಲ್ಲದೆ ಬೇರೆಯವರು ಅದರ ಮೇಲೆ ಕೂರುವಂತಿಲ್ಲ, ಏನನ್ನೂ ಇಡುವಂತಿಲ್ಲ. ಮದುವೆಯ ದಿನ ಹುಡುಗಿಯ ಅಜ್ಜಿ ಅದನ್ನು ತಲೆಯ ಮೇಲೆ ಹೊತ್ತು ತಂದು ಚಪ್ಪರದಲ್ಲಿ ಹಾಕಬೇಕು. ತಾಳಿಯನ್ನು ಗಂಡು ಕಟ್ಟುತ್ತಾನೆ, ಮಂತ್ರವನ್ನು ಪುರೋಹಿತರು ಹೇಳುತ್ತಾರೆ. ಇಡೀ ಮದುವೆಯಲ್ಲಿ ಒಬ್ಬ ಮುದುಕಿಯ ಕಡೆಗೆ ಎಲ್ಲರೂ ಎದ್ದುನಿಂತು ನೋಡುವುದು ಅದೊಂದೇ ಗಳಿಗೆ. ಆ ವರ್ಷ ಮಣೆ ನಮ್ಮ ಮನೆಯ ಉಗ್ರಾಣದಲ್ಲಿತ್ತು. ರಂಗಕ್ಕನ ಮಗನ ಮಗಳು ಸೆಲ್ವಿಯ ಮದುವೆ ಮುಂದಿನ ತಿಂಗಳೇ ಇತ್ತು. ಮಣೆ ಹೊರಲು ರಂಗಕ್ಕ ತನ್ನ ನೋಯುವ ಕುತ್ತಿಗೆಗೆ ಆರು ವಾರದಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು.

ಅದು ಸ್ಲಿಮ್ ಆಗಿತ್ತು. ಕೆಳಗೆ ಗಾಳಿಯಾಡುತ್ತಿತ್ತು. ಲ್ಯಾಪ್‌ಟಾಪು ಮನುಷ್ಯನಲ್ಲ, ಪಾತ್ರೆಯಲ್ಲ, ಆದ್ದರಿಂದ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ ಎಂದು ನಾನು ಗ್ರಾಮರ್ ಟೀಚರಿನಂತೆ ತರ್ಕ ಮಾಡಿದೆ. ಮಧ್ಯಾಹ್ನ ರಂಗಕ್ಕ ಉಂಡು ಮಲಗಿದ ಮೇಲೆ ಹಳದಿ ಬಟ್ಟೆ ಬಿಚ್ಚಿ ಮಣೆಯನ್ನು ನನ್ನ ಕೋಣೆಗೆ ತರುತ್ತಿದ್ದೆ, ಅವಳು ಏಳುವುದರೊಳಗೆ ಹಿಂದಕ್ಕಿಡುತ್ತಿದ್ದೆ. ಕೆಲಸ ಸಲೀಸಾಗಿ ಸಾಗಿತು. ಯಂತ್ರ ಒಮ್ಮೆಯೂ ಮುನಿಯಲಿಲ್ಲ. ಐದನೆಯ ದಿನ ಮಾತ್ರ ಮನಸ್ಸು ಚುಚ್ಚಿತು, ಬರೀ ಮಣೆಯ ಮೇಲೆ ಇಡುತ್ತೀಯಲ್ಲ, ದೇವರು ಮೆಚ್ಚುತ್ತಾನೆಯೆ ಎಂದು. ಮಣೆಯನ್ನು ವಾಪಸಿಟ್ಟುಬಿಡುವುದು ಒಂದು ಉಪಾಯ. ನಾನು ಕಂಡುಕೊಂಡದ್ದು ಬೇರೆ. ಕಾನ್ವೆಂಟಿನಲ್ಲಿ ಸ್ಯಾಟಿನ್ ಸ್ಟಿಚ್ ಕಲಿತು ನಾನೇ ಹೂ ಹಾಕಿದ್ದ ಒಂದು ದಪ್ಪನೆಯ ಟ್ರೇ ಕ್ಲಾತನ್ನು ತೆಗೆದು, ನಾಲ್ಕಾಗಿ ಮಡಿಸಿ, ಮಣೆಯ ಮೇಲೆ ಹಾಸಿ ಯಂತ್ರವನ್ನಿಟ್ಟೆ. ದೇವರಿಗೂ ಮರ್ಯಾದೆ, ಮಣೆಗೂ ಮರ್ಯಾದೆ. ಅಷ್ಟರಲ್ಲಿ ದ್ರಾಕ್ಷಿ ಲಾರಿಯವನು ಬಂದು ಇಂಗ್ಲಿಷಿನಲ್ಲಿದ್ದ ಯಾವುದೋ ನೋಟೀಸು ಓದಿಸಿಕೊಂಡ, ಅವನಿಗೆ ಮೊಸರನ್ನ ಆಯಿತು, ಮಾತಾಯಿತು. ಬಂದು ನೋಡಿದರೆ ಲ್ಯಾಪ್‌ಟಾಪು ಕುದಿಯುತ್ತಿತ್ತು. ಎತ್ತಿದೆ, ಟ್ರೇ ಕ್ಲಾತು ಎತ್ತಿದೆ. ಹೋದ ಮದುವೆಯಲ್ಲಿ ಕನ್ನಡಿಯಂತೆ ಪಾಲಿಶು ಮಾಡಿಸಿದ್ದ ಮಣೆಯ ನಟ್ಟನಡುವೆ ಅಂಗೈಯಗಲದ ಬಿಳಿ ಕಲೆ, ಬಿಸಿ ಪಾತ್ರೆ ಇಟ್ಟಂತೆ. ಉಜ್ಜಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಹೋಗಲಿಲ್ಲ. ಹಳದಿ ಬಟ್ಟೆ ಸುತ್ತಿ, ಗಂಟನ್ನು ಮೊದಲಿನಂತೆಯೇ ಎಡಗಡೆಗೆ ಹಾಕಿ, ಉಗ್ರಾಣದಲ್ಲಿಟ್ಟೆ. ಆ ಗಂಟಿನ ಎಡಬಲವನ್ನು ಅಷ್ಟು ಜ್ಞಾಪಕವಾಗಿ ಹಾಕಿದೆನಲ್ಲ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮದುವೆಗೆ ನಾಲ್ಕು ದಿನವಿದ್ದಾಗ ವಂಶದ ಹೆಂಗಸರೆಲ್ಲ ಸೇರಿ ಮಣೆ ಬಿಚ್ಚಿ ಅರಿಶಿನ ಹಚ್ಚುವ ಶಾಸ್ತ್ರ. ತೇವಾರದಿಂದ ಚಿನ್ನತ್ತೆ ಬಂದಿದ್ದರು. ನಮ್ಮ ಮಾವನವರ ತಂಗಿ, ಎಂಬತ್ತು ದಾಟಿದವರು, ಕಣ್ಣು ಮಂಜಾದಷ್ಟೂ ನಾಲಗೆ ಚುರುಕಾದವರು. ಬಟ್ಟೆ ಬಿಚ್ಚಿದರು. ಚಿನ್ನತ್ತೆ ಬಗ್ಗಿ, ಕಲೆಯ ಮೇಲೆ ಬೆರಳಾಡಿಸಿ, "ಶೂಡು ಪಾತ್ರೆ ಇಟ್ಟವ್ರೆ, ಒಲೆ ಮೇಲಿಂದ ಇಳಿಸಿದ್ದು," ಎಂದರು. ಆಮೇಲೆ ತಲೆ ಎತ್ತದೆಯೇ, "ಈ ಮನ್ಯಾಗೆ ಒಲೆ ಮುಂದೆ ಇರಾದು ಯಾರು?"

ಎಲ್ಲರೂ ರಂಗಕ್ಕನ ಕಡೆ ನೋಡಿದರು. ನಾನೂ ನೋಡಿದೆ.

"ನಾನಿಟ್ಟಿಲ್ಲ ಅತ್ತೆ," ಎಂದಳು ರಂಗಕ್ಕ.

"ಮತ್ತೆ ತಾನಾಗೇ ಬಂತಾ? ಉಗ್ರಾಣದ ಪಕ್ಕ ಅಡಿಗೆಮನೆ. ಕೈಯಾಗೆ ಶೂಡು, ಎದುರಾಗೆ ಮಣೆ. ಬಟ್ಟೆ ಮೇಲೇ ಇಟ್ಟಿದೀಯ. ಬೇಕೂಂತ ಇಟ್ಟೆ ಅಂತ ನಾನು ಹೇಳ್ಲಿಲ್ಲ ತಾಯಿ. ಆದ್ರೆ ಮಣೆ ಮೇಲೆ ಪಾತ್ರೆ ಇಟ್ಟ ಕೈ ಆ ಮಣೆ ಹೊರಬಾರ್ದು. ನಮ್ಮಮ್ಮನ ಕಾಲದಿಂದ ಹಂಗೇ." ಚಿನ್ನತ್ತೆ ಸೊಂಟ ನೇರ ಮಾಡಿ ನನ್ನತ್ತ ತಿರುಗಿದರು. "ಟೀಚರು ಹೊರಲಿ. ಅವಳೂ ಮದುವೆ ಪೊಣ್ಣಿಗೆ ಅಜ್ಜಿ ತಾನೆ. ಶುದ್ಧವಾದ ಕೈ."

ನನ್ನ ಬಾಯಿ ತೆರೆಯಿತು. ಮೂವತ್ತು ವರ್ಷ ನಲವತ್ತು ಹುಡುಗಿಯರ ಮುಂದೆ ನಿಂತು, ಹೂ ಈಸ್ ಇಟ್, ಸ್ಟ್ಯಾಂಡ್ ಅಪ್ ಆಂಡ್ ಓನ್ ಅಪ್ ಎಂದು ಗುಡುಗಿದ ಬಾಯಿ. ತಪ್ಪು ಒಪ್ಪಿ ಎದ್ದು ನಿಂತ ಪುಟ್ಟ ಪುಟ್ಟ ಹುಡುಗಿಯರಿಗೆಲ್ಲ ಎಷ್ಟು ಧೈರ್ಯವಿತ್ತು ಎಂದು ಅವತ್ತು ಗೊತ್ತಾಯಿತು. ತೆರೆದ ಬಾಯಿಂದ ಹೊರಬಂದದ್ದು, "ನನಗೆ ಕುತ್ತಿಗೆ ನೋವು," ಎಂಬ ಮಾತು.

"ನಿಂಗೂ ಎಣ್ಣೆ ಹಚ್ಚನಾ," ಎಂದರು ಚಿನ್ನತ್ತೆ. ಮಾತು ಮುಗಿಯಿತು.

ರಂಗಕ್ಕ ಜಗಳವಾಡಿದ್ದರೆ ನಾನು ಬಹುಶಃ ಸುಮ್ಮನೇ ಇದ್ದುಬಿಡುತ್ತಿದ್ದೆ. ಅವಳು ಜಗಳವಾಡಲಿಲ್ಲ. ಮಾರನೆಯ ದಿನ ನನ್ನ ಕೋಣೆಗೆ ಬಂದು, ಮದುವೆಗೆ ನಿಲಕ್ಕೋಟ್ಟೈಯಿಂದ ತರಿಸಬೇಕಾದ ಮಲ್ಲಿಗೆಯ ಲೆಕ್ಕ ಬರೆಯಿಸಲು ಮಂಚದ ತುದಿಯಲ್ಲಿ ಕೂತಳು. ಎಷ್ಟು ಮೊಳ ಎಂದು ಕೇಳಿದೆ.

"ಟೀಚರೆ, ನಾನೇ ಇಟ್ಟಿರ್ಬೇಕು ಕಣೆ," ಎಂದಳು.

"ಏನನ್ನು?"

"ಪಾತ್ರೇನ. ಈಚೀಚೆಗೆ ಮರೀತೀನಿ. ಮೊನ್ನೆ ಉಪ್ಪು ಎರಡು ಸರ್ತಿ ಹಾಕ್ದೆ, ನೀವೆಲ್ಲ ಸುಮ್ಕೆ ಉಂಡ್ರಿ. ನಮ್ಮಮ್ಮನಿಗೂ ಹಿಂಗೇ ಶುರುವಾಗಿದ್ದು. ಮೊದ್ಲು ಪಾತ್ರೆ, ಆಮೇಲೆ ದಾರಿ, ಕೊನೆಗೆ ನಾನು ಯಾರು ಅಂತ್ಲೇ ಗೊತ್ತಾಗ್ಲಿಲ್ಲ ಅವಳಿಗೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಮಣೆ ಹೋದ್ರೆ ಪರವಾಯಿಲ್ಲ. ನಾನು ಹಂಗಾದ್ರೆ ನೀನು ನೋಡ್ಕೊಂತೀಯಾ? ನಿಂಗೆ ಬರೀ ಪುಡ್ಡಿಂಗು ಮಾಡಕ್ಕೆ ಬರಾದು."

ಅವಳ ಹಿಂದೆ ಮೇಜಿನ ಮೇಲೆ ಲ್ಯಾಪ್‌ಟಾಪು ಮುಚ್ಚಿಕೊಂಡು ಕೂತಿತ್ತು. ನಾನು ಅವಳ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಚಿನ್ನತ್ತೆಯ ಯಜಮಾನಿಕೆಯಲ್ಲಿ ಹೆಂಗಸರು ಅರಿಶಿನ ಕುಟ್ಟುತ್ತಿದ್ದರು. ನಿಂತುಕೊಂಡು ಹೇಳಿದೆ, ಕಲೆ ಮಾಡಿದ್ದು ನಾನು, ನನ್ನ ಲ್ಯಾಪ್‌ಟಾಪು ಎಂದು.

ಯಾರೂ ನಂಬಲಿಲ್ಲ. ಇಂಥದೊಂದು ಸಾಧ್ಯತೆ ನನಗೆ ಹೊಳೆದೇ ಇರಲಿಲ್ಲ.

"ಆ ಕರೆಂಟು ಪೊಟ್ಟಿ? ಅದನ್ನ ತೊಡೆ ಮೇಲೆ ಇಟ್ಕಂತೀನಿ ಅಂತ ನೀನೇ ಹೇಳಿದ್ದೆ," ಎಂದರು ಚಿನ್ನತ್ತೆ. "ತೊಡೆ ಸುಡದ್ದು ಮರ ಸುಡ್ತದಾ?"

ಯಂತ್ರ ತಂದು ತೋರಿಸುತ್ತೇನೆ ಎಂದೆ. "ಹೆಂಗೂ ಕೆಟ್ಟೈತೆ, ಮಣೆ ಮೇಲೇ ಇಟ್ಟು ತೋರ್ಸು," ಎಂದು ಅಪ್ಪಣೆಯಾಯಿತು. ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿ ಮಣೆಯ ಮೇಲಿಟ್ಟೆ. ಹೆಂಗಸರು ಸುತ್ತ ಕೂತರು, ಎಲೆ ಅಡಿಕೆ ಹಾಕಿಕೊಂಡರು, ಒಬ್ಬೊಬ್ಬರಾಗಿ ಅಂಗೈ ಇಟ್ಟು ನೋಡಿದರು. ಮುಕ್ಕಾಲು ಗಂಟೆಯಾದರೂ ಲ್ಯಾಪ್‌ಟಾಪು ಈಗ ತಾನೇ ಮಿಂದ ಮಗುವಿನ ಬೆನ್ನಿನಂತೆ ಬೆಚ್ಚಗೆ ಇತ್ತು, ಅಷ್ಟೆ. ನಾನು ಬೆವರುತ್ತಿದ್ದೆ. ಅದಕ್ಕಿಂತ ಒಳ್ಳೆಯ ಕೂಲಿಂಗ್ ಪ್ಯಾಡು ಮದ್ರಾಸಿನಲ್ಲೂ ಇರಲಾರದು ಎಂಬುದನ್ನು ಆ ಮಣೆ ವಂಶದ ಮುಂದೆ ರುಜುವಾತು ಮಾಡುತ್ತಿತ್ತು.

ಚಿನ್ನತ್ತೆ ನನ್ನ ಗಲ್ಲ ಸವರಿದರು. "ಓರಗಿತ್ತೀನ ಕಾಪಾಡಕ್ಕೆ ತಪ್ಪು ತನ್ನ ಮೇಲೆ ಹಾಕ್ಕಂತಾಳೆ. ಓದಿದ ಮನಸು ಅಂದ್ರೆ ಇದು. ನೋಡಿ ಕಲೀರಿ." ಹೆಂಗಸರು ನೋಡಿ ಕಲಿಯತೊಡಗಿದರು. ರಂಗಕ್ಕನ ಕಣ್ಣು ತುಂಬಿತು. "ಬ್ಯಾಡ ಟೀಚರೆ, ನಂಗೋಸ್ಕರ ಸುಳ್ಳು ಹೇಳ್ಬ್ಯಾಡ," ಎಂದು ನನ್ನ ಕೈ ಹಿಡಿದಳು.

ಅಲ್ಲಿಗೆ ಬಿಡಬಹುದಿತ್ತು. ಬಿಡಬೇಕೆಂದು ಮನಸ್ಸೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ತಪ್ಪೊಪ್ಪಿಕೊಂಡದ್ದೂ ಆಯಿತು, ಹೊಗಳಿಸಿಕೊಂಡದ್ದೂ ಆಯಿತು. ಇಂಥ ಕನ್ಫೆಷನ್ನು ಪೋಪರಿಗೂ ಸಿಕ್ಕಿರಲಾರದು. ಆದರೆ ರಂಗಕ್ಕ ಇನ್ನೂ ತಾನೇ ಮರೆತು ಪಾತ್ರೆ ಇಟ್ಟೆನೆಂದೇ ನಂಬಿದ್ದಳು. ಒಳಗೆ ಹೋಗಿ ಟ್ರೇ ಕ್ಲಾತು ತಂದೆ, ರಿಟೈರಾದಾಗ ಶಾಲೆಯವರು ಕೊಟ್ಟ ಟೀಪಾಯಿಯನ್ನೂ ಹೊರಗೆ ಎಳೆದು ತಂದೆ. ರೋಸ್‌ವುಡ್ಡು. ಅದರ ಮೇಲೆ ನಾನು ಯಾರಿಗೂ ಒಂದು ಲೋಟ ನೀರು ಇಡಗೊಟ್ಟವಳಲ್ಲ. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಹಾಸಿ, ಲ್ಯಾಪ್‌ಟಾಪು ಇಟ್ಟು, ಮತ್ತೆ ಪ್ಲಗ್ಗು ಸಿಕ್ಕಿಸಿ ಕೂತೆ. ಎರಡನೆಯ ಸುತ್ತು ಎಲೆ ಅಡಿಕೆ ಮುಗಿಯುವುದರೊಳಗೆ ಮೊದಲು ಕೈಯಿಟ್ಟ ಹೆಂಗಸು "ಅಮ್ಮಾಡಿ" ಎಂದು ಹಿಂದೆಳೆದುಕೊಂಡಳು. ಎತ್ತಿದೆ. ಟೀಪಾಯಿಯ ಮೇಲೆ ಅಂಗೈಯಗಲದ ಬಿಳಿ ಕಲೆ, ಮಣೆಯ ಕಲೆಯ ಅವಳಿ.

ಚಿನ್ನತ್ತೆ ಎರಡನ್ನೂ ಮುಟ್ಟಿ ನೋಡಿದರು. "ಸರಿ. ಮಣೆ ರಂಗಾನೇ ಹೊರಲಿ," ಎಂದಷ್ಟೇ ಹೇಳಿ ಅರಿಶಿನದ ಕಡೆ ತಿರುಗಿದರು.

ರಂಗಕ್ಕ ಟೀಪಾಯಿಯ ಕಲೆಯನ್ನು ಸೆರಗಿನಿಂದ ಒಮ್ಮೆ ಒರೆಸಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ, "ಮಣೆ ತಗಂಡಿದ್ದಕ್ಕೆ ನಂಗೆ ಏನೂ ಇಲ್ಲ ಟೀಚರೆ. ಕೇಳಿದ್ರೆ ನಾನೇ ಕೊಡ್ತಿದ್ನೋ ಏನೋ," ಎಂದಳು. "ನೆನ್ನೆಯಿಂದ ನಾನು ನಮ್ಮಮ್ಮನ ಹಂಗೆ ಆಗ್ತಿದೀನಿ ಅಂತ ಹೆದರ್ಕೊಂಡು ಕೂತಿದ್ದೆ. ನೀನು ಪಕ್ಕದ ರೂಮಿನಾಗೆ ಇದ್ದೆ." ಇಷ್ಟು ಹೇಳಿ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದಳು. ನನ್ನ ಲೋಟಕ್ಕೂ ಸಕ್ಕರೆ ಸರಿಯಾಗಿಯೇ ಇತ್ತು. ಕಡಿಮೆಯಾಗಿದ್ದರೆ ಚೆನ್ನಾಗಿತ್ತು.

ಸೆಲ್ವಿಯ ಮದುವೆ ಚೆನ್ನಾಗಿ ನಡೆಯಿತು. ರಂಗಕ್ಕ ಮಣೆ ಹೊತ್ತು ಬರುವಾಗ ಎಲ್ಲರೂ ಎದ್ದು ನಿಂತರು. ಎಲ್ಲರಿಗಿಂತ ಮೊದಲು ಎದ್ದವಳು ನಾನು. ಮದ್ರಾಸಿನ ತೆಳ್ಳನೆಯ ಪ್ಯಾಡನ್ನು ಬೇಡವೆಂದು ಹೇಳಿ ದಪ್ಪದ್ದನ್ನೇ ತಂದೆ. ಅದು ಗೊರ್ರೆನ್ನುತ್ತದೆ, ಇಡೀ ಮನೆಗೆ ಕೇಳಿಸುತ್ತದೆ, ನಾನು ಯಾವಾಗ ಏನು ಮಾಡುತ್ತಿದ್ದೇನೆಂದು ಎಲ್ಲರಿಗೂ ಗೊತ್ತಿರುತ್ತದೆ. ಒಳ್ಳೆಯದೇ.

ಆದರೆ ಕಲೆ ಉಳಿದುಬಿಟ್ಟಿತು. ದಿಂಡಿಗಲ್ಲಿನ ಬಡಗಿ ಸ್ಪಿರಿಟ್ ಹಾಕಿ ಒರೆಸಿದರೆ ಹೋಗುತ್ತದೆ ಎಂದ, ಚಿನ್ನತ್ತೆ ಒಪ್ಪಲಿಲ್ಲ. ಮಣೆಗೆ ಮದ್ಯ ಮುಟ್ಟಿಸುವುದುಂಟೆ? ಈಚೆಗೆ ತೇವಾರದಲ್ಲಿ ಇನ್ನೊಂದು ಮದುವೆ. ಹುಡುಗಿ ಮಣೆಯ ಮೇಲೆ ಕೂರುವಾಗ ಅವಳ ತಾಯಿ ಬಗ್ಗಿ, "ಆ ಬೆಳ್ಳಗಿರೋ ಜಾಗದ ಮೇಲೆ ಸರಿಯಾಗಿ ಕೂತ್ಕೊ. ಟೀಚರಮ್ಮನ ಕಂಪ್ಯೂಟರು ಮುಟ್ಟಿದ ಜಾಗ. ಹುಟ್ಟೋ ಮಗು ಇಂಗ್ಲಿಷು ಚೆನ್ನಾಗಿ ಮಾತಾಡ್ತದೆ," ಎಂದು ಪಿಸುಗುಟ್ಟಿದಳು. ಸುತ್ತಲಿದ್ದವರು ಹೌದು ಹೌದೆಂದು ತಲೆಯಾಡಿಸಿದರು. ಕಲೆ ಬಿದ್ದ ಮೇಲೆ ಇದು ಮೂರನೆಯ ಮದುವೆಯಂತೆ, ಮೂವರೂ ಹಾಗೆಯೇ ಕೂತದ್ದಂತೆ. ಹುಡುಗಿ ನನ್ನ ಕಡೆ ನೋಡಿ, ಕೂತಲ್ಲಿಂದಲೇ ಕೈ ಮುಗಿದಳು.

ಪಕ್ಕದಲ್ಲಿ ರಂಗಕ್ಕ ಕೂತಿದ್ದಳು. ಆ ಕಲೆ ವರವಲ್ಲ, ತಪ್ಪು ಎಂದು ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಕೈಯೆತ್ತಿ ಹುಡುಗಿಗೆ ಆಶೀರ್ವಾದ ಮಾಡಿದೆ.